ನಡುವಿನ ಒಂಬತ್ತು ಹಾಳೆ

"ಒಂದು, ಎರಡು, ಎತ್ತಿ!" ಎಂದು ಆಸ್ಪತ್ರೆಯ ನೌಕರ ಕೂಗಿದ ಕೂಡಲೇ ಶವಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು. ಹೊರುವವರು ಐದೇ ಜನ. ಹೊರಲೆಂದು ಪೆಟ್ಟಿಗೆಗೆ ಕಟ್ಟಿದ ಆರನೆಯ ಬಟ್ಟೆಪಟ್ಟಿ ಖಾಲಿ ತೂಗಾಡುತ್ತಿತ್ತು.

ಅಮ್ಮನ ಫೋಟೋವನ್ನು ಎದೆಗೊತ್ತಿಕೊಂಡು ಮುಂದೆ ನಿಂತಿದ್ದ ಸುಂಗ್‌ಗು ತಿರುಗಿ ನೋಡುವಷ್ಟರಲ್ಲಿ ಬಾಗಿಲ ಕಡೆಯಿಂದ ಕಪ್ಪು ಕೋಟಿನ ಮುದುಕನೊಬ್ಬ ಬಿರಬಿರನೆ ಬಂದ. ಬಿಳಿ ಕೈಗವಸು ಏರಿಸಿಕೊಂಡು, ಯಾರನ್ನೂ ಕೇಳದೆ, ಆ ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡ. ಪೆಟ್ಟಿಗೆ ಸಮಕ್ಕೆ ಬಂತು.

ಚೂ ದೊಕ್‌ಸಾಂಗ್. ಹನ್ನೊಂದು ವರ್ಷದ ಹಿಂದೆ ಅರವತ್ತು ಜನರ ಮುಂದೆ ಅಮ್ಮನ ಮಾನ ಕಳೆದು ಕಾರ್ಟೂನ್ ಸಿನಿಮಾದ ಸ್ಟುಡಿಯೋದಿಂದ ಹೊರಗೆ ಹಾಕಿದ ಮೇಲ್ವಿಚಾರಕ.

ಸುಂಗ್‌ಗುವಿನ ಮೈಯೆಲ್ಲ ಉರಿದುಹೋಯಿತು. ಬಿಡೋ ಕೈ ಎನ್ನಲು ಬಾಯಿ ತೆರೆದ. ಹಾಗೆಂದರೆ ಪೆಟ್ಟಿಗೆ ನೆಲ ಕಾಣುತ್ತದೆ. ಹಲ್ಲು ಕಚ್ಚಿಕೊಂಡು ಮುಂದೆ ನಡೆದ.

ಪೆಟ್ಟಿಗೆ ಬಸ್ಸಿನ ಹೊಟ್ಟೆ ಸೇರಿತು. ಮೇಲೆ ಜನ ಹತ್ತಿದರು. ನಲವತ್ತೈದು ಸೀಟಿನ ಬಸ್ಸಿಗೆ ಹನ್ನೊಂದು ಮಂದಿ. ಅಮ್ಮನ ಪಕ್ಕದ ಮೇಜಿನಲ್ಲಿ ಬಣ್ಣ ಹಚ್ಚುತ್ತಿದ್ದ ಯೋಮ್ ಚಿಕ್ಕಮ್ಮ ಬಂದು ಅವನ ಪಕ್ಕ ಕೂತಳು.

"ಅವನಿಗೆ ಹೇಳಿದ್ದು ಯಾರು?" ಎಂದ ಸುಂಗ್‌ಗು.

"ನಾನೇ."

"ಚಿಕ್ಕಮ್ಮಾ!"

"ಏನ್ಮಾಡ್ಲೋ? ಹೊರೋಕೆ ಐದೇ ಜನ ಇದ್ರು. ಆಮೇಲೆ ಬೇಕಾದ್ರೆ ಹೊಡಿ ಅವ್ರನ್ನ. ಮೊದ್ಲು ನಿಮ್ಮಮ್ಮ ಬಸ್ ಸೇರ್ಲಿ ಅಂತ."

"ಯಾಕೆ ಬಂದ ಅವನು? ಕರೆದ್ರೂ ಬರೋ ಮುಖವಾ ಅದು?"

"ಅವ್ರು ಅನ್ನೋ. ನಿಮ್ಮಪ್ಪನಿಗಿಂತ ದೊಡ್ಡೋರು."

ಹಿಂದಿನ ಸೀಟಿನಿಂದ ನಾಮ್‌ಗುಂಗ್ ತಲೆ ತೂರಿಸಿದ. ಹಿನ್ನೆಲೆಯ ಊರು ಕಟ್ಟಡ ಬರೆಯುತ್ತಿದ್ದವನು, ಬೆಳಗ್ಗೆಯೇ ಎರಡು ಬಟ್ಟಲು ಸೊಜು ಹೆಂಡ ಏರಿಸಿದ್ದ. "ಕೋಟಿನ ಒಳಜೇಬು ನೋಡಪ್ಪ. ಪೆಟ್ಟಿಗೆ ಹೊರೋವಾಗ್ಲೂ ಒಂದು ಕೈ ಅಲ್ಲೇ. ಎದೆನೋವೋ, ಏನಾದ್ರೂ ಬಚ್ಚಿಟ್ಟಿದ್ದಾನೋ."

ಸುಂಗ್‌ಗು ಓರೆಗಣ್ಣಲ್ಲಿ ನೋಡಿದ. ಕಿಟಕಿ ಪಕ್ಕ ಒಂಟಿಯಾಗಿ ಕೂತಿದ್ದ ಚೂ ಕೋಟಿನ ಎಡಭಾಗವನ್ನು ಅಂಗೈಯಿಂದ ಅದುಮಿ ಹಿಡಿದಿದ್ದ. ಕಣ್ಣಿಗೆ ಕಣ್ಣು ಸೇರಿದಾಗ ಕೈ ತೆಗೆದ. ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲಿಗೇ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಇರಬೇಕು, ಎಂದುಕೊಂಡ ಸುಂಗ್‌ಗು. ಇವತ್ತು ಬೂದಿ ಕೈಗೆ ಬರುವುದರೊಳಗೆ ಇವನ ಬಾಯಿಂದ ನಿಜ ಹೊರಡಿಸುತ್ತೇನೆ. ಅದೂ ಇವರೆಲ್ಲರ ಮುಂದೆ. ಅಮ್ಮನಿಂದಲೇ ತಮ್ಮ ಅನ್ನ ಹೋಯಿತು ಎಂದು ವರ್ಷಗಟ್ಟಲೆ ಮುಖ ತಿರುಗಿಸಿದ ಈ ಸ್ಟುಡಿಯೋದವರ ಮುಂದೆಯೇ.

*

ಸುಂಗ್‌ಗುವಿನ ಅಮ್ಮ ಮಾ ಇನ್‌ಸುಕ್ ಆ ಸ್ಟುಡಿಯೋದಲ್ಲಿ ಇಪ್ಪತ್ತಾರು ವರ್ಷ ನಡುವಿನ ಚಿತ್ರ ಬರೆದಳು. ಮುಖ್ಯ ಚಿತ್ರ ಬರೆಯುವವರು ಬೇರೆ: ನಾಯಕ ಎದ್ದು ನಿಂತದ್ದು ಒಂದು, ಗುದ್ದಿದ್ದು ಒಂದು. ಆ ಎರಡರ ನಡುವೆ ಏಳುವ ಮೊಣಕೈ, ತಿರುಗುವ ಕುತ್ತಿಗೆ, ಅರ್ಧ ಮುಚ್ಚಿದ ಕಣ್ಣು, ಇವು ಅವಳ ಪಾಲಿನವು. ಅಮೆರಿಕದ ಎಷ್ಟೋ ಶೂರರು ಸಿಯೋಲಿನ ಒಂದು ಮೂರನೇ ಮಹಡಿಯಲ್ಲಿ ಅವಳ ಪೆನ್ಸಿಲಿನಿಂದ ಮೈ ಮುರಿದು ಎದ್ದಿದ್ದರು. ಬಲಗೈಯ ಅಂಚು ಸದಾ ಸೀಸದಿಂದ ಮಿನುಗುತ್ತಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗದು.

ಕೊನೆಯ ವರ್ಷ ಸಿನಿಮಾ ಮಾಡಲು ಬಂದದ್ದು ಕಪ್ಪು ಪುಸ್ತಕ. ಕಾಮಿಕ್ಸೇ, ಆದರೆ ಮಕ್ಕಳದಲ್ಲ. ಅದರ ನಾಯಕನಿಗೆ ಅಮೆರಿಕದವರು ಇಟ್ಟ ಹೆಸರು ಉದ್ದವಿತ್ತು. ಸ್ಟುಡಿಯೋದಲ್ಲಿ ಎಲ್ಲರೂ ಇಜ್ಜಲು ಎಂದೇ ಕರೆದರು. ಪುಟ ತೆರೆದರೆ ಅಷ್ಟು ಕಪ್ಪು. "ಪುಸ್ತಕದಲ್ಲಿ ಮಸಿ ಒಂದ್ಸಲ ಸುರಿದ್ರೆ ಆಯ್ತು" ಎಂದು ಇನ್‌ಸುಕ್ ಮನೆಯಲ್ಲಿ ಗೊಣಗುತ್ತಿದ್ದಳು. "ನಮ್ಮ ಹತ್ರ ಅದೇ ಮಸಿ ಸೆಕೆಂಡಿಗೆ ಹನ್ನೆರಡು ಸಲ ನಡೀಬೇಕು."

ಆ ಪುಸ್ತಕದಲ್ಲೊಂದು ಪುಟ. ಮೊದಲ ಚೌಕದಲ್ಲಿ ಇಜ್ಜಲು ಮಹಡಿಯ ಅಂಚಿನಲ್ಲಿ ನಿಂತು ಒಬ್ಬ ಕೊಲೆಗಡುಕನ ಮಣಿಕಟ್ಟು ಹಿಡಿದಿದ್ದಾನೆ; ಅವನು ಗಾಳಿಯಲ್ಲಿ ನೇತಾಡುತ್ತಿದ್ದಾನೆ. ಎರಡನೇ ಚೌಕದಲ್ಲಿ ಕೊಲೆಗಡುಕ ಕೆಳಗೆ ರಸ್ತೆಯ ಮೇಲೆ. ಇಜ್ಜಲಿನ ಕೈ ಮಾತ್ರ ಗಾಳಿಯಲ್ಲಿದೆ. ಜಾರಿಬಿದ್ದನೋ, ಇವನೇ ಬಿಟ್ಟನೋ? ಪುಸ್ತಕ ಹೇಳುವುದಿಲ್ಲ. ಓದಿದವರು ಇಪ್ಪತ್ತು ವರ್ಷ ಅದಕ್ಕೇ ಜಗಳವಾಡಿದ್ದರು. ಸಿನಿಮಾದಲ್ಲಿ ಎರಡು ಚೌಕದ ನಡುವೆ ಬಿಳಿ ಗೆರೆ ಎಳೆದು ತಪ್ಪಿಸಿಕೊಳ್ಳಲಾಗದು. ಯಾರಾದರೂ ಬರೆಯಲೇಬೇಕು. ಅಮೆರಿಕದಿಂದ ಅಪ್ಪಣೆ ಬಂತು: ಜಾರಲಿ, ನಾಯಕ ಕೊಲೆಗಾರ ಆಗಕೂಡದು.

ಒಂದು ಭಾನುವಾರ ಮಧ್ಯಾಹ್ನ ಅವಳು ಹದಿನೇಳರ ಮಗನನ್ನು ಮಕ್ಕಳ ಆಟದ ಬಯಲಿಗೆ ಎಳೆದುಕೊಂಡು ಹೋದಳು. ತಾನು ಜಾರುಬಂಡಿಯ ಮೇಲೆ ನಿಂತು, ಕೆಳಗಿದ್ದ ಅವನ ಮಣಿಕಟ್ಟು ಹಿಡಿದಳು.

"ಜೋತು ಬೀಳು. ಭಾರ ಬಿಡು."

"ಅಮ್ಮಾ, ಯಾರಾದ್ರೂ ನೋಡ್ತಾರೆ."

"ನೋಡ್ಲಿ. ಜಾರು ಈಗ. ಎಳ್ಕೋಬೇಡ ಕತ್ತೆ, ಜಾರು."

ಹತ್ತು ಸಲ, ಇಪ್ಪತ್ತು ಸಲ. ಪ್ರತಿ ಸಲವೂ ಅವಳು ತನ್ನ ಖಾಲಿ ಕೈಯನ್ನು ಮುಖದ ಹತ್ತಿರ ತಂದು ನೋಡುತ್ತಿದ್ದಳು. ಬೆರಳುಗಳು ಇನ್ನೂ ಮಡಚಿಕೊಂಡೇ ಇರುತ್ತಿದ್ದವು, ಏನನ್ನೋ ಹಿಡಿಯಲು ಹವಣಿಸಿದ ಹಾಗೆ. "ಇದು ಅಲ್ಲಿಗೆ ಕೂಡಲ್ಲ" ಎಂದಳು. ಎಲ್ಲಿಗೆ ಎಂದು ಸುಂಗ್‌ಗು ಕೇಳಲಿಲ್ಲ. ಹೊಟ್ಟೆ ಹಸಿದಿತ್ತು, ಮಣಿಕಟ್ಟು ಕೆಂಪಾಗಿತ್ತು.

*

ಸಿನಿಮಾದಲ್ಲಿ ಬೆರಳುಗಳು ಬಿಚ್ಚಿಕೊಂಡವು. ಒಂದಾದ ಮೇಲೊಂದು, ಆತುರವಿಲ್ಲದೆ. ಇಜ್ಜಲು ಬಿಟ್ಟೇ ಬಿಟ್ಟಿದ್ದ.

ಅಮೆರಿಕದವರು ಗಡುವಿನ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ. ನೋಡಿದ ಜನ ಕೆರಳಿದ ಮೇಲೆ ಗಮನಿಸಿದರು. ಮುಂದಿನ ಎರಡು ಸಿನಿಮಾದ ಕೆಲಸ ಬೇರೆ ಕಡೆ ಹೋಯಿತು. ಚೂ ಎಲ್ಲರನ್ನೂ ಸೇರಿಸಿ, "ಇನ್‌ಸುಕ್ ನನ್ನನ್ನೂ ಕೇಳದೆ, ಯಾರಿಗೂ ತೋರಿಸದೆ, ತನಗೆ ತೋಚಿದ್ದು ಬರೆದಿದ್ದಾರೆ" ಎಂದ. ಅವಳು ಎದ್ದು ಪೆನ್ಸಿಲ್ ಡಬ್ಬಿ ಚೀಲಕ್ಕೆ ಹಾಕಿಕೊಂಡಳಂತೆ, ಅಷ್ಟೇ. ಆಮೇಲೆ ಸಾಯುವ ತನಕ ಸಂತೆಬೀದಿಯ ಪಲ್ಯದಂಗಡಿಯಲ್ಲಿ ಮೊಟ್ಟೆಯಲ್ಲಿ ಅದ್ದಿದ ಮೀನುಚೂರು ಕರಿದಳು. ಸುಂಗ್‌ಗು ಆ ವರ್ಷವೇ ಶಾಲೆ ಬಿಟ್ಟು ಮೋಟಾರುಬೈಕ್ ಹತ್ತಿ ಮನೆಮನೆಗೆ ಊಟ ಹಂಚತೊಡಗಿದ.

"ಯಾರಮ್ಮ ಬದಲಾಯಿಸಿದ್ದು?" ಎಂದು ಎಷ್ಟು ಸಲ ಕೇಳಿದ್ದನೋ.

"ನಾನೇ ಬರ್ದಿದ್ದು ಕಣೋ. ತಟ್ಟೆ ತೊಳಿ."

ಅವನು ನಂಬಲಿಲ್ಲ. ಜಾರುವುದನ್ನು ಕಲಿಯಲು ಇಪ್ಪತ್ತು ಸಲ ತನ್ನನ್ನು ನೇತಾಡಿಸಿದವಳು ಬಿಡುವುದನ್ನು ಏಕೆ ಬರೆಯುತ್ತಾಳೆ? ಚೂ ಅವಳ ಹಾಳೆ ತೆಗೆದು ತನ್ನದು ಸೇರಿಸಿದ್ದಾನೆ. ತಪ್ಪು ತಲೆಗೆ ಬಂದಾಗ ಬಡಪಾಯಿಯ ತಲೆಗೆ ದಾಟಿಸಿದ್ದಾನೆ. ಇದು ಅವನ ಲೆಕ್ಕ. ಹನ್ನೊಂದು ವರ್ಷ ಇದನ್ನೇ ಮೆಲುಕು ಹಾಕಿದ್ದ.

*

ಚಿತಾಗಾರದಲ್ಲಿ ಗಾಜಿನ ಆಚೆ ಪೆಟ್ಟಿಗೆ ಒಳಗೆ ಸರಿಯಿತು. ಯೋಮ್ ಚಿಕ್ಕಮ್ಮ "ಇನ್‌ಸುಕ್, ಬೆಂಕಿ ಬಂತು, ಓಡೇ!" ಎಂದು ಸತ್ತವರಿಗೆ ಹೇಳುವ ವಾಡಿಕೆಯ ಮಾತು ಕೂಗಿ ಕುಸಿದಳು. ಅವಳನ್ನು ಎಬ್ಬಿಸಿ, ಎಲ್ಲರನ್ನೂ ಕಾಯುವ ಕೋಣೆಗೆ ಕೂರಿಸಿ, ಖಾರದ ಮಾಂಸದ ಸಾರು, ಅನ್ನ ಬರುವಂತೆ ಹೇಳಿ ತಿರುಗಿದರೆ ಚೂ ಇಲ್ಲ.

ಸುಂಗ್‌ಗು ಓಡಿದ. ಓಣಿಯ ಕೊನೆಯಲ್ಲಿ, ಒಲೆಗಳ ಕಡೆಯ ಬಾಗಿಲಲ್ಲಿ, ಚೂ ಸಮವಸ್ತ್ರದ ನೌಕರನಿಗೆ ತಲೆ ಬಗ್ಗಿಸಿ ಪಿಸುಗುಡುತ್ತಿದ್ದ. ಕೈಯಲ್ಲಿ ಹಳದಿ ಲಕೋಟೆ.

"ಇದೊಂದು ಒಳಗೆ ಹಾಕೋಕೆ ಆಗಲ್ವಾ? ಬರೀ ಕಾಗದ."

"ಬಾಗಿಲು ಮುಚ್ಚಾಯ್ತು ಸಾರ್. ಇನ್ನು ತೆಗೆಯೋ ಹಾಗಿಲ್ಲ."

ಸುಂಗ್‌ಗು ಆ ಮಣಿಕಟ್ಟನ್ನು ಹಿಂದಿನಿಂದ ಹಿಡಿದ. "ಏನೋ ಅದು?"

ಚೂ ಏಕವಚನಕ್ಕೆ ಬೆಚ್ಚಿದನೋ ಹಿಡಿತಕ್ಕೋ, ಲಕೋಟೆ ಕೊಟ್ಟುಬಿಟ್ಟ. ಸುಂಗ್‌ಗು ಅವನನ್ನು ಹಾಗೇ ಎಳೆದುಕೊಂಡು ಬಂದು ಊಟದ ಮೇಜಿನ ಮುಂದೆ ನಿಲ್ಲಿಸಿದ. ಚಮಚಗಳ ಸದ್ದು ನಿಂತಿತು.

"ನೋಡಿ ಎಲ್ಲರೂ. ಅಮ್ಮನ ಜೊತೆ ಇದನ್ನೂ ಸುಡೋಕೆ ಬಂದಿದ್ರು ದೊಡ್ಡವರು."

ಲಕೋಟೆಯೊಳಗೆ ಒಂಬತ್ತು ಹಾಳೆ. ಕೆಳಗೆ ಬರೆಯುವ ಹಲಗೆಗೆ ಸಿಕ್ಕಿಸುವ ಮೂರು ಮೂರು ತೂತು, ಅಂಚು ಹಳದಿ. ಮೇಲೆ ಪೆನ್ಸಿಲಿನಲ್ಲಿ ಬರೆದ ಕೈ. ನಾಮ್‌ಗುಂಗ್‌ಗೆ ಅಮಲು ಇಳಿದಂತಾಯಿತು. ಹಾಳೆಗಳನ್ನು ತೆಗೆದುಕೊಂಡು, ಮೂಲೆ ಹಿಡಿದು, ಹೆಬ್ಬೆರಳಿನಿಂದ ಸರ್ರನೆ ಹಾರಿಸಿದ. ಬೆರಳುಗಳು ಬಿಚ್ಚಿಕೊಂಡವು. ಮತ್ತೊಮ್ಮೆ ಹಾರಿಸಿದ.

"ಇದು ಇನ್‌ಸುಕ್ ಗೆರೆ" ಎಂದ. "ಕಣ್ಣು ಕಟ್ಟಿದ್ರೂ ಹೇಳ್ತೀನಿ. ಉಗುರು ಯಾವತ್ತೂ ಬರೀತಿರ್ಲಿಲ್ಲ ಅವಳು."

"ಸುಳ್ಳು" ಎಂದ ಸುಂಗ್‌ಗು. ಆದರೆ ಪ್ರತಿ ಹಾಳೆಯ ಅಂಚಿನಲ್ಲೂ ಅವಳ ಅಂಗೈ ಒರಗಿದ ಸೀಸದ ಮಸುಕಿತ್ತು. ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ತನ್ನ ಶಾಲೆಯ ಪುಸ್ತಕದ ರಟ್ಟಿನ ಮೇಲೆ ಇದ್ದದ್ದೂ ಇದೇ ಮಸುಕು. ಅವಳು ನಿಜವನ್ನೇ ಹೇಳಿದ್ದಳು. ತಟ್ಟೆ ತೊಳಿ ಎಂದಷ್ಟೇ ಸಲೀಸಾಗಿ.

ಆಗ ಯೋಮ್ ಚಿಕ್ಕಮ್ಮ ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಕೆಂಪು ಮೊಹರು. ಚೂ ದೊಕ್‌ಸಾಂಗ್. ಪಕ್ಕದಲ್ಲಿ ತಾರೀಕು, ಸಿನಿಮಾ ಹೊರಬರುವುದಕ್ಕೆ ನಾಲ್ಕು ತಿಂಗಳು ಮೊದಲಿನದು.

"ನೀವು ನೋಡಿದ್ರಿ" ಎಂದಳು. "ನೋಡಿ, ಒಪ್ಪಿ, ಮೊಹರೂ ಒತ್ತಿದ್ರಿ. ಯಾರಿಗೂ ತೋರಿಸ್ಲಿಲ್ಲ ಅಂದ್ರಲ್ರೀ! ನಾನು ಅವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಎರಡು ವರ್ಷ!"

ಚೂ ನಿಂತೇ ಇದ್ದ. "ಜಾರೋದನ್ನ ನಲವತ್ತು ಸಲ ಬರೆದಿದ್ಲು. ಆ ಪುಸ್ತಕ ತಂದು ನನ್ನ ಮುಂದಿಟ್ಲು. ಎರಡನೇ ಚೌಕದಲ್ಲಿ ಕೈ ನೋಡಿ ಅಂದ್ಲು. ಬೆರಳೆಲ್ಲ ಬಿಚ್ಚಿವೆ. ಜಾರಿದ್ರೆ ಹಾಗಿರಲ್ಲ, ಮಗನ ಕೈ ಹಿಡಿದು ನೋಡಿದೀನಿ ಅಂದ್ಲು. ಈ ತುದಿನೂ ಅವರದೇ, ಆ ತುದಿನೂ ಅವರದೇ; ನಡುವೆ ನಾನು ಹೆಂಗೆ ಸುಳ್ಳು ಬರೀಲಿ ಅಂದ್ಲು. ಮೊಹರು ತೆಗೆದೆ. ಒತ್ತಿದೆ."

"ಆಮೇಲೆ?" ಎಂದ ಸುಂಗ್‌ಗು.

"ಆಮೇಲೆ ಅಮೆರಿಕದ ಫೋನು. ಯಾರು ಒಪ್ಪಿದ್ದು ಅಂತ. ನನಗೂ ಮನೆ, ಮಕ್ಕಳು... ಮಾತು ಬಾಯಿಂದ ಜಾರಿಹೋಯ್ತು ಕಣಪ್ಪ."

"ಜಾರಿತೋ, ಬಿಟ್ರೋ?" ಎಂದ ಸುಂಗ್‌ಗು.

ಚೂ ಮೇಜಿನ ಮೇಲಿನ ಹಾಳೆಗಳನ್ನು ನೋಡಿದ. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟುತ್ತಿತ್ತು.

"ಬಿಟ್ಟೆ" ಎಂದ.

ಮೂಲೆಯಲ್ಲಿ ಕೂತಿದ್ದ ಒಬ್ಬಳು ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

"ಇವತ್ತು ಯಾಕೆ ತಂದ್ರಿ? ಸುಡೋಕೆ ತಾನೆ?"

"ನಿನ್ನ ಕೈಗೆ ಕೊಡೋಣ ಅಂತ ಮನೆಯಿಂದ ಹೊರಟೆ. ಪೆಟ್ಟಿಗೆ ಹೊತ್ತಾಗ, ಇದೂ ಜೊತೇಲಿ ಹೋಗ್ಲಿ ಅನ್ನಿಸ್ತು. ಬಸ್ಸಲ್ಲಿ ಮತ್ತೆ ಕೊಡೋಣ ಅನ್ನಿಸ್ತು. ನನ್ನನ್ನ ನಂಬಬೇಡ. ನನಗೇ ನಂಬಿಕೆ ಇಲ್ಲ."

ಸುಂಗ್‌ಗು ಗುದ್ದಲೆಂದು ಮುಷ್ಟಿ ಬಿಗಿದಿದ್ದ. ಅಮ್ಮ ಸತ್ತಂದಿನಿಂದ ಮೂರು ದಿನ ಕಾಯುತ್ತಿದ್ದ ಗುದ್ದು. ಹನ್ನೊಂದು ವರ್ಷದಿಂದ ಎಂದರೂ ಸರಿಯೇ. ನಾಮ್‌ಗುಂಗ್ ಮೆಲ್ಲಗೆ ಕುರ್ಚಿ ಹಿಂದೆ ಸರಿಸಿಕೊಂಡ, ಜಾಗ ಮಾಡಿಕೊಡುವವನ ಹಾಗೆ. ಅಷ್ಟರಲ್ಲಿ ಗೋಡೆಯ ಮೇಲಿನ ಧ್ವನಿವರ್ಧಕ ಮಾತಾಡಿತು: ಮಾ ಇನ್‌ಸುಕ್ ಅವರ ಕಡೆಯವರು ಏಳನೇ ಕಿಟಕಿಗೆ ಬರಬೇಕು.

*

"ಮೂಳೆ ನೋಡೋಕೆ ನನ್ನಿಂದಾಗಲ್ಲಪ್ಪ" ಎಂದು ಯೋಮ್ ಚಿಕ್ಕಮ್ಮ ಒಂಬತ್ತು ಹಾಳೆಗಳನ್ನೂ ಜೋಡಿಸಿ ಮಡಿಲಲ್ಲಿಟ್ಟುಕೊಂಡು ಕೂತಳು. ಸುಂಗ್‌ಗು ಒಬ್ಬನೇ ನಡೆದ. ಹಿಂದೆ ಚೂವಿನ ಹೆಜ್ಜೆ ಸದ್ದಾಯಿತು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಗಾಜಿನಾಚೆ ಬಾಯಿಗೆ ಬಟ್ಟೆ ಕಟ್ಟಿದ ನೌಕರ ತಲೆಬಾಗಿ, ಉಕ್ಕಿನ ತಟ್ಟೆಯನ್ನು ಮುಂದಕ್ಕೆ ಎಳೆದ. ಬೆಳ್ಳಗಿನ ಚೂರುಗಳು. ಇನ್ನೂ ಒಬ್ಬ ಹೆಂಗಸು ಮಲಗಿದ ಉದ್ದವೇ ಇತ್ತು. ನೌಕರ ಕುಂಚ ಎತ್ತಿಕೊಂಡ.

"ಬಲಗೈ ಯಾವ್ದು?" ಎಂದ ಚೂ.

ನೌಕರನಿಗೆ ಕೇಳಿಸಲಿಲ್ಲ. ಕಾಲಿನ ಕಡೆಯಿಂದ ಗುಡಿಸತೊಡಗಿದ. ಸುಂಗ್‌ಗು ಗಾಜನ್ನು ಬೆರಳಗೆಣ್ಣಿನಿಂದ ತಟ್ಟಿದ.

"ಬಲಗೈ ಅಣ್ಣ. ಅಮ್ಮನ ಬಲಗೈ ಯಾವುದು?"

ನೌಕರ ಕುಂಚವನ್ನು ತಡೆದ. ತಟ್ಟೆಯ ಮೇಲೆ ಬಗ್ಗಿ ಹುಡುಕಿದ. ಆಮೇಲೆ ಕುಂಚದ ತುದಿಯಿಂದ ಅಂಚಿನಲ್ಲಿದ್ದ ಒಂದು ಹಿಡಿಯಷ್ಟನ್ನು ಬೇರೆ ಮಾಡಿ ತೋರಿಸಿದ. ಅಕ್ಕಿಯ ನುಚ್ಚಿನಷ್ಟು ಸಣ್ಣ ಚೂರುಗಳು.

ಇಬ್ಬರೂ ಹಣೆ ಗಾಜಿಗೆ ತಗಲುವಷ್ಟು ಬಗ್ಗಿದರು. ಉಸಿರಿಗೆ ಗಾಜು ಮಸುಕಾಯಿತು. ಸುಂಗ್‌ಗು ಅಂಗಿಯ ತೋಳಿನಿಂದ ಒರೆಸಿದ. ಕುಂಚ ಅಷ್ಟು ಹೊತ್ತು ಕಾಯಿತು, ಆಮೇಲೆ ಅದನ್ನೂ ಗುಡಿಸಿ ಉಳಿದದ್ದರ ಜೊತೆಗೆ ಸೇರಿಸಿತು.