ಓರಗಿತ್ತಿಯ ಚಹಾ

ಓರಗಿತ್ತಿ ಚಹಾದಲ್ಲಿ ಏನೋ ಬೆರೆಸುತ್ತಿದ್ದಾಳೆ ಎಂಬ ಗುಮಾನಿ ನನಗೆ ಹುಟ್ಟಿದ್ದು ಮೂರನೇ ಸಲ ತುಟಿ ಊದಿಕೊಂಡಾಗ. ಮೈದುನನನ್ನು ಮದುವೆಯಾಗಿ ಅವಳು ನಮ್ಮ ಬೇಕರಿಗೆ ಕಾಲಿಟ್ಟ ಮೇಲೆಯೇ ಇದೆಲ್ಲ ಶುರುವಾದದ್ದು. ಗೋಡಂಬಿ ತಿಂದರೆ ಚಿಕ್ಕಂದಿನಿಂದಲೂ ನನ್ನ ಬಾಯಿ ತುರಿಸುತ್ತದೆ, ಅದನ್ನು ನಾನು ತಿನ್ನುವುದೇ ಇಲ್ಲ. ಇನ್ನು ಉಳಿದದ್ದು ಅವಳ ಚಹಾ. ನನ್ನನ್ನು ಮೂಲೆಗೆ ತಳ್ಳಿ ಅಂಗಡಿ ನುಂಗಿಹಾಕುವ ಆಸೆಯೋ ಏನೋ, ಯಾರಿಗೆ ಗೊತ್ತು?

ಬೇರೆಯವರಾಗಿದ್ದರೆ ಡಾಕ್ಟರ ಬಳಿ ಹೋಗುತ್ತಿದ್ದರು. ನಾನು ಹೊಂಚು ಹಾಕಿದೆ. ಅವಳು ಚಹಾ ಕಾಸುವಾಗ ಬೆನ್ನಿಗೇ ನಿಂತೆ. ಒಮ್ಮೆ ಲೋಟ ಅದಲುಬದಲು ಮಾಡಿದೆ. ನನ್ನದನ್ನು ಕುಡಿದು ಅವಳು ಗುಂಡುಕಲ್ಲಿನ ಹಾಗಿದ್ದಳು. ಭಾರೀ ಕಿಲಾಡಿ ಎಂದುಕೊಂಡೆನೇ ಹೊರತು ಅನುಮಾನ ಬಿಡಲಿಲ್ಲ.

ಕೊನೆಗೊಂದು ದಿನ ಚಹಾ ಮುಟ್ಟಲೇ ಇಲ್ಲ. ಮೇಜಿನ ಆ ತುದಿಯಲ್ಲಿ ಅವಳು ಗೋಡಂಬಿ ಹೆಚ್ಚುತ್ತಿದ್ದಳು, ಈ ತುದಿಯಲ್ಲಿ ನಾನು ಕೇಕಿನ ಕಾಗದಗಳನ್ನು ಬಿಡಿಸುತ್ತಿದ್ದೆ. ಒಂದಕ್ಕೊಂದು ಅಂಟಿಕೊಂಡ ಕಾಗದ ಬಿಡಿಸಲು ಬೆರಳನ್ನು ನಾಲಿಗೆಗೆ ತಾಗಿಸುವುದು ನನ್ನ ಚಾಳಿ. ಅರ್ಧ ಕಟ್ಟು ಮುಗಿಯುವಷ್ಟರಲ್ಲಿ ತುಟಿ ಉರಿಯಿತು, ತೋಳಿನ ತುಂಬ ದದ್ದು ಎದ್ದಿತು, ಗಂಟಲು ಬಿಗಿಯಿತು. ಸ್ವಲ್ಪ ಮಲಗಿದರೆ ಸರಿಹೋಗುತ್ತದೆ ಎಂದೆ. ಅವಳು ಚಾಕು ಕೆಳಗಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಿದಳು. ನನ್ನನ್ನು ಸಾಗಹಾಕಿ ಗಲ್ಲಾ ಹಿಡಿಯುವ ಸಂಚು ಎಂದು ಆಗಲೂ ನನ್ನ ಹಾಳು ತಲೆ ಹೇಳುತ್ತಿತ್ತು. ಬರುವುದಿಲ್ಲ ಎಂದು ಕೈಯಾಡಿಸಿದೆ.

"ಅಕ್ಕ, ನಿಮ್ಮ ದನಿನೇ ಹೊರಡ್ತಿಲ್ಲ, ಉಸಿರು ಎಳೀತಿದ್ದೀರಿ. ಬೈಯೋದಿದ್ರೆ ಆಮೇಲೆ ಬೈರಿ," ಎಂದಳು.

ಅಂಗಡಿಯ ಬಾಗಿಲು ತೆರೆದಿತ್ತು, ಗಲ್ಲಾವೂ ತೆರೆದಿತ್ತು. ಎರಡನ್ನೂ ಹಾಗೇ ಬಿಟ್ಟು ನನ್ನ ಜೊತೆ ಆಂಬುಲೆನ್ಸ್ ಹತ್ತಿದಳು.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಬಿದ್ದ ಮೇಲೆ ಉಸಿರು ಮರಳಿತು. ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ ಎಂದು ಆ ದಿನದ ಕೆಲಸವನ್ನೆಲ್ಲ ಒಪ್ಪಿಸುತ್ತಿದ್ದಾಗ ನನ್ನ ಬೆರಳು ತಾನಾಗಿ ನಾಲಿಗೆಗೆ ಹೋಯಿತು. ಅವರು ಅಲ್ಲೇ ತಡೆದರು. ಹೆಚ್ಚುವಾಗ ಹಾರಿದ ಗೋಡಂಬಿ ಪುಡಿ ಕಾಗದದ ಮೇಲೆ ಕೂತಿತ್ತು. ಅವಳು ಬಂದ ಮೇಲೆಯೇ ಈ ಎರಡೂ ಕೆಲಸ ಒಂದೇ ಮೇಜಿನ ಮೇಲೆ ನಡೆಯುತ್ತಿದ್ದವು. ಮೊದಲ ಸಲ ತುಟಿ ಊದಿದಾಗಲೇ ಬಂದು ತೋರಿಸಬೇಕಿತ್ತು, ಉಸಿರು ಕಟ್ಟಿದರೆ, ದನಿ ಬಿದ್ದರೆ ಒಂದು ಗಳಿಗೆಯೂ ಕಾಯಬಾರದು ಎಂದು ಗದರಿದರು. ನಾಚಿಕೆಯಿಂದ ನನ್ನ ತಲೆ ಏಳಲಿಲ್ಲ.

ಹೊರಡುವಾಗ, ಮತ್ತೆ ಹೀಗಾದರೆ ಚುಚ್ಚಿಕೊಳ್ಳಲು ಎರಡು ಇಂಜೆಕ್ಷನ್ ಕೊಟ್ಟರು. ಒಂದು ಸದಾ ನನ್ನ ಬಳಿಯೇ ಇರಬೇಕು. ಇನ್ನೊಂದು, ನನ್ನ ಕೈಲಾಗದಿದ್ದಾಗ ಚುಚ್ಚುವ ನಂಬಿಕೆಯವರ ಬಳಿ ಇರಬೇಕಂತೆ. ಅಷ್ಟರಲ್ಲಿ ಓಡಿ ಬಂದಿದ್ದ ನನ್ನ ಗಂಡ ಕೈ ಚಾಚಿದರು.

ನಾನು ಅದನ್ನು ಓರಗಿತ್ತಿಯ ಕೈಗೆ ಕೊಟ್ಟೆ.