ನೀರು ಇಳೀತಾ

ನಯಾಪೈಸೆ ಬಂದ ವರ್ಷ, ಕಟ್ಟಾಯದ ಮಗ್ಗುಲ ನಮ್ಮೂರಲ್ಲಿ ಚಲುವಯ್ಯನ ಹೆಂಡತಿ ಮಲ್ಲಿಗಮ್ಮನಿಗೆ ನಾಯಿ ಕಚ್ಚಿತು. ಚಲುವಯ್ಯ ದಿನಾ ಹಾಸನಕ್ಕೆ ಕರಕೊಂಡು ಹೋಗಿ ಹೊಟ್ಟೆಗೆ ಸೂಜಿ ಹಾಕಿಸಿದ. ಸೂಜಿ ಮುಗಿಯೋ ಹೊತ್ತಿಗೆ ಅವಳಿಗೆ ಜ್ವರ ಬಂತು, ಕಾಲು ಸೋತವು, ಆಮೇಲೆ ಫಿಟ್ಸ್ ಶುರುವಾಯಿತು.

ನಾಯಿ ವಿಷ ತಲೆಗೇರಿತು ಅಂದಳು ಅತ್ತೆ ಬೆಟ್ಟಮ್ಮ. ಮೊಲೆ ಕುಡಿಯೋ ಮಗುವನ್ನ ಕಿತ್ತುಕೊಂಡು, ಸೊಸೆಯನ್ನ ಕೊಟ್ಟಿಗೆಗೆ ಹಾಕಿ ಅಗಳಿ ಜಡಿದಳು. ಹುಚ್ಚುನಾಯಿ ಕಚ್ಚಿದವರ ಗಂಟಲಲ್ಲಿ ನೀರು ಇಳಿಯಲ್ಲ ಅನ್ನೋದು ಊರಿಗೆಲ್ಲ ಗೊತ್ತಿದ್ದ ಮಾತು. ಬೆಳಿಗ್ಗೆ ಚಲುವಯ್ಯ ಚೊಂಬು ಹಿಡಿದು ಒಳಗೆ ಹೋದ. ಮಲ್ಲಿಗಮ್ಮ ಗಟಗಟ ಕುಡಿದು ಇನ್ನೊಂದು ಚೊಂಬು ಕೇಳಿದಳು. ಅವನು ಅತ್ತುಬಿಟ್ಟ. ಹಾಗೇ ಡಾಕ್ಟರನ್ನ ಕೇಳೋಕೆ ಒಬ್ಬನೇ ಹಾಸನದ ಬಸ್ಸು ಹತ್ತಿದ.

ಕಚ್ಚಿದ ನಾಯಿ ಬದುಕಿದೆಯಾ ಅಂತ ಡಾಕ್ಟರು ಕೇಳಿದರು. ಪಕ್ಕದ ಮನೆ ಲಕ್ಕಯ್ಯನ ಹಿತ್ತಲಲ್ಲೇ ಬಿದ್ದಿರ್ತದೆ ಸಾ, ಅಂದ. ಹುಚ್ಚು ಹಿಡಿದ ನಾಯಿ ಇಷ್ಟು ದಿನ ಬದುಕಲ್ಲ, ಹಾಗಾದರೆ ಇದು ನಾಯಿ ಕಾಯಿಲೆ ಅಲ್ಲ ಅಂತ ಅವನಿಗೆ ತಿಳಿಯೋ ಹಾಗೆ ಬಿಡಿಸಿ ಹೇಳಿದರು. ಆ ಸೂಜಿ ಔಷಧಿ ಮಾಡೋದು ಕುರಿ ಮಿದುಳಿನಲ್ಲಿ. ನಮ್ಮ ಮೈಯೊಳಗೆ ರೋಗ ತಡೆಯೋ ಕಾವಲೊಂದು ಉಂಟು. ಅಪರೂಪಕ್ಕೆ ಒಬ್ಬೊಬ್ಬರಲ್ಲಿ ಅದು ಕುರಿ ಮಿದುಳನ್ನ ಹೊಡೆಯೋಕೆ ಹೋಗಿ, ಗುರುತು ತಪ್ಪಿ, ತನ್ನವರ ಮಿದುಳನ್ನೇ ಹೊಡೆಯುತ್ತೆ. ಮಿದುಳು ಬಾತುಕೊಂಡು ಫಿಟ್ಸ್ ಬರುತ್ತೆ.

"ಕರಕೊಂಡು ಬಾ. ಇದು ಬದುಕೋ ಕಾಯಿಲೆ," ಅಂದರು.

ಅವನು ಕಟ್ಟಾಯದಲ್ಲಿ ಇಳಿದು, ಯಾರನ್ನೋ ಬೇಡಿ ಗಾಡಿ ಹೂಡಿಸಿಕೊಂಡು ಬರುವಷ್ಟರಲ್ಲಿ ಅವಳಿಗೆ ಮತ್ತೆ ಫಿಟ್ಸ್ ಬಂದುಹೋಗಿತ್ತು. ಹಲ್ಲು ಕಚ್ಚಿಕೊಂಡು ಒದ್ದಾಡುವಾಗಲೇ ಬೆಟ್ಟಮ್ಮ ಬಾಯಿಗೆ ನೀರು ಹುಯ್ದಿದ್ದಳು. ನೊರೆ ಜೊತೆ ಅಷ್ಟೂ ಕಟವಾಯಲ್ಲಿ ಆಚೆಗೆ ಬಂತು. ಜನ ಬಾಗಿಲಲ್ಲಿ ನಿಂತು ನೋಡಿದರು.

ಚಲುವಯ್ಯ ಡಾಕ್ಟರ ಮಾತು ಹೇಳಿದ. ಅವನ ದೊಡ್ಡಪ್ಪ ಕೆಂಚಯ್ಯ ನಕ್ಕ.

"ಕುರಿ ಮಿದುಳಂತೆ. ಅಂಗಾದ್ರೆ ಯಾಕ್ಲಾ ಬ್ಯಾ ಅನ್ನಲ್ಲ ಅವಳು? ನೀರು ಇಳೀತಾ ಕೇಳ್ಲಾ ನಿಮ್ಮವ್ವನ್ನ."

ಬೆಳಿಗ್ಗೆ ಕುಡಿದಳಲ್ಲ ಅಂದ ಚಲುವಯ್ಯ.

"ಬೆಳಿಗ್ಗೆ ಇಳೀತು, ಈಗ ಇಳೀನಿಲ್ಲ. ವಿಷ ಏರ್ತಾ ಅದೆ ಕಣ," ಅಂದಳು ಬೆಟ್ಟಮ್ಮ. "ಅವಳು ನಿನ್ನೂ ಕಚ್ಚಿದ್ರೆ ಮಗೀಗೆ ಯಾರ್ಲಾ ಗತಿ?"

ಅವನು ಅಗಳಿ ಮೇಲೆ ಕೈ ಇಟ್ಟ. ಒಳಗಿಂದ ಮಲ್ಲಿಗಮ್ಮನ ದನಿ ಬಂತು, ದಿನಾ ಮಾತಾಡೋ ಹಾಗೇ.

"ಬಂದ್ರಾ? ಒಸಿ ನೀರು ಕೊಡಿ. ಮಗ ಏನಾರ ಕುಡೀತಾ?"

"ನೀರು ಕೇಳ್ತದೆ, ಗಂಟಲೊಳಕ್ಕೋಗಲ್ಲ," ಅಂದಳು ಬೆಟ್ಟಮ್ಮ.

ಚಲುವಯ್ಯ ಕೈ ತೆಗೆದ. ಗಾಡಿ ಎತ್ತುಗಳನ್ನ ಬಿಚ್ಚಿ ತೊಟ್ಟಿಗೆ ಬಿಟ್ಟ. ಅವು ನೀರು ಹೀರೋ ಸದ್ದು ಕೊಟ್ಟಿಗೆಯೊಳಕ್ಕೂ ಕೇಳುತ್ತಿತ್ತು. ಮಾರನೆ ದಿನ ಬಿಸಿಲೇರುವ ತನಕ ಮಲ್ಲಿಗಮ್ಮ ನೀರು ಕೇಳುತ್ತಲೇ ಇದ್ದಳು. ಆಮೇಲೆ ಕೇಳಲಿಲ್ಲ.