ಪ್ರತಿ: ಪತ್ನಿಗೆ, ಮಾಹಿತಿಗಾಗಿ

ಆದದ್ದು ಇಷ್ಟೇ. ಸಾಹೇಬರು ಚಹಾಕ್ಕೆ ಬಂದಿದ್ದಾಗ ಹೆಡ್ ಗುಮಾಸ್ತರ ಹೆಂಡತಿ ಮಾತಿನ ನಡುವೆ ಏನೋ ಹೇಳಲು ಬಾಯಿ ತೆರೆದಳು. "ಇವಳಿಗೇನು ಗೊತ್ತಾಗತ್ತೆ ಸಾರ್, ಶುದ್ಧ ದಡ್ಡಿ," ಎಂದು ಗುಮಾಸ್ತರು ನಕ್ಕರು. ಸಾಹೇಬರೂ ನಕ್ಕರು. ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸಾಹೇಬರು ಹೊರಟ ಮೇಲೆ ಚೀಲ ತಗಲಿಸಿಕೊಂಡು ತವರಿನ ಬಸ್ಸು ಹತ್ತಿದಳು.

ಒಂಬತ್ತು ದಿನವಾಯಿತು. ಮನೆ ಬಿಕೋ ಎನ್ನುತ್ತಿತ್ತು. ಆಕೆ ವಾಪಸು ಬರಲೇಬೇಕು, ಆದರೆ ಮೀಸೆ ಮಣ್ಣಾಗಬಾರದು. ಗುಮಾಸ್ತರು ಪೆನ್ನು ಹಿಡಿದರು. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಪತ್ರ ಬರೆದೇ ಬಾಳಿದ ಮಹಾನುಭಾವರು! ಯಾರ ಮುಂದೆ ಹಲ್ಲು ಗಿಂಜಬೇಕು, ಯಾರ ಮುಂದೆ ಬುಸುಗುಡಬೇಕು ಎಂಬುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಅಕ್ಕನಿಗೆ: "ತಟ್ಟೆ ನನ್ನ ಕಿವಿ ಪಕ್ಕದಲ್ಲೇ ಹಾರಿಹೋಯಿತು ಅಕ್ಕಾ. ನಾನು ತುಟಿಪಿಟಕ್ಕೆನ್ನಲಿಲ್ಲ." ಬರೆಯುತ್ತ ಅವರ ಕಣ್ಣೇ ತುಂಬಿ ಬಂತು, ಪಾಪ. ಹಳೆಯ ಸ್ನೇಹಿತನಿಗೆ: "ನಾನೇ ಓಡಿಸಿದೆ ಕಣೋ. ಬಿಗಿಯಾಗಿರಬೇಕು." ಸಾಹೇಬರಿಗೆ: "ಅತ್ತೆಯವರು ವಿಪರೀತ ಜ್ವರದಿಂದ ನರಳುತ್ತಿರುವುದರಿಂದ ಎರಡು ದಿನ ರಜೆ ದಯಪಾಲಿಸಬೇಕು."

ಕೊನೆಗೆ ಮಾವನಿಗೆ: "ಪೂಜ್ಯರ ಪಾದಗಳಿಗೆ ನಮಸ್ಕಾರಗಳು. ಏನೋ ಗ್ರಹಚಾರ, ಸಣ್ಣ ಮಾತು ದೊಡ್ಡದಾಯಿತು. ತಾವು ಬುದ್ಧಿ ಹೇಳಿ ಕಳುಹಿಸಿಕೊಡಬೇಕು." ಸಹಿಯ ಕೆಳಗೆ, ರೂಢಿಯಂತೆ: "ಪ್ರತಿ: ಪತ್ನಿಗೆ, ಮಾಹಿತಿಗಾಗಿ."

ಇನ್ನೊಂದು ರೂಢಿಯೂ ಇತ್ತಲ್ಲ. ಹಿಂದಿನ ಪತ್ರಗಳ ನಕಲು ಲಗತ್ತಿಸದೆ ಅವರ ಮೇಜಿನಿಂದ ಒಂದು ಕಾಗದವೂ ಹೊರಬಿದ್ದದ್ದಿಲ್ಲ. ಇದು ಮನೆ ವಿಷಯ ಅಂತ ಕೈಗೇನು ಗೊತ್ತು? ಮೂರೂ ನಕಲು ಜೋಡಿಸಿ, ಪಿನ್ನು ಚುಚ್ಚಿ, ಲಕೋಟೆಗೆ ತುರುಕಿ ಅಂಟಿಸಿಬಿಟ್ಟಿತು.

ವಾರ ಕಳೆದು ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯನ್ನು ಕರೆತರಲು ಹೋದರು. ಬಾಗಿಲು ತೆರೆದವರು ಗುಂಡುಕಲ್ಲಿನಂತಿದ್ದ ಅತ್ತೆ.

"ಬನ್ನಿ ಅಳಿಯಂದ್ರೇ. ನನ್ನ ಜ್ವರ ಇಳೀತು."

ಗುಮಾಸ್ತರ ಮುಖ ಹುಳ್ಳಗಾಯಿತು. ಒಳಗೆ ಮಾವ ಕನ್ನಡಕ ಏರಿಸಿ ಕಾಗದಗಳನ್ನು ಹರಡಿಕೊಂಡಿದ್ದರು.

"ತಟ್ಟೆ ಹಾರಿದ್ದು ನಿಜವೋ, ನೀವು ಓಡಿಸಿದ್ದು ನಿಜವೋ?"

"ಅದು... ಆಯಾ ಜನಕ್ಕೆ ತಕ್ಕ ಹಾಗೆ ಬರೀಬೇಕಾಗತ್ತೆ ಮಾವ."

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಎಲ್ಲಾ ಓದಿದೆ. ದಡ್ಡಿ ಅಂದದ್ದು ಮಾತ್ರ ಎಲ್ಲೂ ಇಲ್ಲ. ಇರಲಿ, ನನಗೆ ಬರೆದಿರೋದು ಯಾವುದು?"

ಗುಮಾಸ್ತರು ಬೆರಳು ಚಾಚಿ ಕಡೆಯ ಸಾಲು ತೋರಿಸಿದರು. ನಿಜಕ್ಕೂ ತೋರಿಸಿದರು!

ಆಕೆ ಒಂದು ಬಿಳಿ ಹಾಳೆ ತಂದು ಮುಂದಿಟ್ಟಳು. "ನನಗೊಂದು ಬರೀರಿ. ಓದಿದ ಮೇಲೆ ಬರ್ತೀನೋ ಇಲ್ವೋ ಹೇಳ್ತೀನಿ."

ಗುಮಾಸ್ತರು ಕೂತರು. ಅಕ್ಕನಿಗೆ "ಅಕ್ಕಾ" ಇತ್ತು, ಸ್ನೇಹಿತನಿಗೆ "ಲೋ" ಇತ್ತು, ಸಾಹೇಬರಿಗೆ "ಮಾನ್ಯರೇ" ಇತ್ತು. ಇವಳಿಗೆ? ಮದುವೆಯಾದಂದಿನಿಂದ "ಏ" ಎಂದರೆ ಸಾಕಿತ್ತು, ಓಡಿ ಬರುತ್ತಿದ್ದಳು. ಅವರು ಪೆನ್ನು ಕಚ್ಚಿದರು, ಬೆವರು ಒರೆಸಿಕೊಂಡರು. ಊಟದ ಹೊತ್ತು ಮೀರಿತು, ಮಾವ ಮಲಗಿ ಎದ್ದರು.

ಬಸ್ಸಿನ ಹೊತ್ತಿಗೆ ಆಕೆ ಬಂದು ಹಾಳೆ ಎತ್ತಿ ನೋಡಿದಳು. ಮೇಲೆ "ಏ" ಎಂದು ಬರೆದು ಹೊಡೆದುಹಾಕಿತ್ತು. ಕೆಳಗೆ ಸಹಿ ಮಾತ್ರ ಅಚ್ಚುಕಟ್ಟಾಗಿತ್ತು.

"ಮಾಹಿತಿ ಸಿಕ್ತು," ಎಂದಳು ಆಕೆ. "ನೀವಿನ್ನು ಹೊರಡಿ."